ಕೋಲನ್ನಿನ ಎಡಗಡೆ

ಡೆಲ್ಫ್‌ಝೈಲಿನ ನೀರುಬಾಗಿಲು ಕಾಯುವ ವೀಟ್ಸ್ಕೆ
ಮೇಜಿನಂಚಿಗೆ ಮೂರು ಹಳದಿ ಚೀಟಿ ಅಂಟಿಸಿದ್ದಳು.
ಗೇಟು ಜರ್ಮನಿಯದು, ಪಂಪು ಬಲ್ಗೇರಿಯದು,
ದೀಪ ಫ್ರಾನ್ಸಿನವರು ಮಾಡಿಕೊಟ್ಟದ್ದು.
ಮೂರೂ ಜಾವಾ, ಮೂರೂ ಬಿಡಿಬಿಡಿ ಬಂಡಲ್ಲು;
ಒಂದನ್ನು ಕಿತ್ತರೆ ಇನ್ನೊಂದು ಅಲುಗುವುದಿಲ್ಲ
ಎಂದು ಮಾರಿದವರು ಹೇಳಿದ್ದರು.
ಅದು ಸುಳ್ಳಲ್ಲ.
ಮಾತಾಡಿಸಲು ಮಾತ್ರ ಮೂರು ಕಪ್ಪು ಕಿಟಕಿ,
ಮೂರು ಶೆಲ್ಲು, ಮೂರು ಬಾಯಿ.

ಪಟ್ಟಿ ಕೊಡು ಎನ್ನಲು ಒಂದಕ್ಕೆ ಎರಡಕ್ಷರ,
ಇನ್ನೊಂದಕ್ಕೆ ಬೇರೆ ಎರಡು,
ಮೂರನೆಯದಕ್ಕೆ ಪೂರಾ ಪದ, ಜೊತೆಗೊಂದು ಅಡ್ಡಗೆರೆ.
ನಿಲ್ಲು ಎನ್ನಲು ಮೂರಕ್ಕೂ ಒಂದೇ ಪದ.
ಕೇಡು ಬಂದದ್ದು ಅಲ್ಲಿಂದ.

ಅಕ್ಟೋಬರಿನ ಒಂದು ರಾತ್ರಿ, ಎರಡೂಕಾಲು ಗಂಟೆ,
ಸ್ಟಾಪ್ ಹದಿನಾಲ್ಕು ಎಂದು ಒತ್ತಿದಳು.
ಪಂಪಿನ ಕಿಟಕಿಯಲ್ಲಿ ಹದಿನಾಲ್ಕು ಬರೀ ಲೆಕ್ಕದ ಪುಸ್ತಕ.
ಅವಳಿದ್ದದ್ದು ಗೇಟಿನ ಕಿಟಕಿಯಲ್ಲಿ.
ಬಾಗಿಲು ಅರ್ಧ ತೆರೆದು ಹಾಗೇ ನಿಂತಿತು.
ಆಲೂಗಡ್ಡೆ ಹಿಟ್ಟು ಹೊತ್ತ ದೋಣಿಯ ಹಾರ್ಮಾನುಸ್
ಎರಡು ತಾಸು ಕತ್ತಲೆಯಲ್ಲಿ ತೇಲಿದ.
ರೇಡಿಯೋದಲ್ಲಿ ಬೈಯಲಿಲ್ಲ.
"ಕಾಫಿ ಇದೆ, ಆತುರವಿಲ್ಲ" ಅಂದ.
ಬೈದಿದ್ದರೆ ಚೆನ್ನಾಗಿತ್ತು.

ಈ ಕಾಟ ನಮ್ಮ ಮಾತಿನಲ್ಲೂ ಇದೆ:
ಓಡುವವನಿಗೆ ನಿಲ್ಲು ಅಂದರೆ ಓಟ ಬಿಡುತ್ತಾನೆ,
ಕೂತವನಿಗೆ ನಿಲ್ಲು ಅಂದರೆ ಎದ್ದೇಳುತ್ತಾನೆ.
ಅರ್ಥ ನಾಲಿಗೆಯಲ್ಲಿಲ್ಲ,
ಯಾರ ಕಿವಿಗೆ ಬಿತ್ತು ಎಂಬುದರಲ್ಲಿದೆ.

ಅವಳ ಎರಡು ಪುಟದ ವರದಿ ಸುತ್ತಿ ಬಳಸಿ
ಸಮಿತಿಯ ಮೇಜಿಗೆ ಬಂತು. ಗ್ರೋನಿಂಗನ್ನಿನ ಹೋಟೆಲು,
ನೆಲಮಾಳಿಗೆ, ಮೆತ್ತಗಾದ ಬಿಸ್ಕತ್ತು.
ಪಟ್ಟಿಗೆ ಯಾವ ಎರಡಕ್ಷರ? ಬೆಳಗಿನಿಂದ ಅದೇ.
ಓರ್ಟ್‌ವಿನ್ ಹೇಳಿದ, ಇಪ್ಪತ್ತೆರಡು ವರ್ಷದಿಂದ
ನನ್ನ ಬೆರಳಿಗೆ ಇದೇ ರೂಢಿ.
ಗ್ವೆನಾಯೆಲ್ ಹೇಳಿದ, ಬೆರಳು ನನಗೂ ಇವೆ.
ಊಟದ ಹೊತ್ತಿಗೆ ಮಾತು ಅಡ್ಡಗೆರೆ ಒಂದೋ ಎರಡೋ
ಎಂಬಲ್ಲಿಗೆ ಬಂದು, ಯಾರೋ ಕೋಟು ತೊಟ್ಟು
ಸಿಗರೇಟಿಗೆ ಎದ್ದುಹೋದರು.

ಸೋಫಿಯಾದ ರುಮ್ಯಾನಾ, ಪಂಪಿನ ಕಡೆಯವಳು,
ಅಲ್ಲಿಯವರೆಗೆ ವರದಿಯನ್ನೇ ಓದುತ್ತಿದ್ದವಳು,
ಬೋರ್ಡಿಗೆ ಹೋಗಿ ಎರಡು ಚುಕ್ಕಿ ಇಟ್ಟಳು,
ಒಂದರ ಮೇಲೊಂದು.
"ಯಾರೂ ಹೆಸರು ಬದಲಿಸಬೇಡಿ.
ಇದರ ಎಡಕ್ಕೆ ಮನೆ, ಬಲಕ್ಕೆ ಕೆಲಸ.
ಶೆಲ್ಲು ಒಂದೇ ಇರಲಿ, ಯಾರ ಮನೆಯದೂ ಅಲ್ಲದ್ದು.
ಬಂಡಲ್ಲು ಬಂದಾಗ ತಾನೇ ಹೇಳಿಕೊಳ್ಳಲಿ:
ನಾನು ಇಂಥ ಮನೆ, ನನಗೆ ಇಷ್ಟು ಬರುತ್ತದೆ.
ಹೋಗುವಾಗ ತನ್ನ ಪದಗಳನ್ನು ತಾನೇ ಒಯ್ಯಲಿ."

ಹೆಸರಿನ ಹಿಂದೆ ಮುಂದೆ ಊರು ಹೊತ್ತು ತಿರುಗುವ
ನಮ್ಮಂಥವರಿಗೆ ಇದೇನು ಹೊಸತಲ್ಲ.
ಆ ಕೋಣೆಗೆ ಹೊಸತು.

"ಮನೆ ಬರೆಯಲು ಮರೆತರೆ?" ಓರ್ಟ್‌ವಿನ್ ಕೇಳಿದ.
"ಮೊದಲು ಸಿಕ್ಕವರು ಓಗೊಡುತ್ತಾರೆ."
ಅವನು ಬರೆದುಕೊಂಡ.
ವಿಮಾನದಲ್ಲಿ ಅವಳು ಆ ಸಾಲಿಗೆ ಎರಡು ಸಲ ಗೆರೆ ಎಳೆದಳು.
ಅದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ.

ಕಡತದ ಮುಖಪುಟದಲ್ಲಿ ಕರಡು ಎಂದಿತ್ತು.
ಮತಕ್ಕೆ ಹಾಕಬೇಕಿತ್ತು; ಅಧ್ಯಕ್ಷರು ನಿವೃತ್ತರಾದರು;
ಮರುವರ್ಷ ಬೇರೆ ವಿಷಯಗಳು ಬಂದವು.
ಈಗಲೂ ಕರಡು ಎಂದೇ ಇದೆ.
ಗೇಟಿನವರು ಅದರಂತೆ ಮಾಡಿದರು, ಪಂಪಿನವರು ಮಾಡಿದರು,
ದೀಪದವರು ಗೊಣಗಿ ಮಾಡಿದರು.

ವೀಟ್ಸ್ಕೆಯ ಮೇಜಿನ ಮೇಲೆ ಒಂದೇ ಕಿಟಕಿ.
ಚೀಟಿ ಕಿತ್ತಿದ್ದಾಳೆ, ಅಂಟಿನ ಕಲೆ ಹೋಗಿಲ್ಲ.
ಮನೆ ಬರೆಯದಿದ್ದರೂ ನಡೆಯುತ್ತದೆ, ಹೆಚ್ಚಿನ ಸಲ,
ಎಂದು ಹೊಸ ಹುಡುಗ ತೋರಿಸಿಕೊಟ್ಟ.
ಹೌದಾ, ಅಂದಳು.

ಎರಡೂಕಾಲು. ಆಚೆ ದೋಣಿಯ ಹಸಿರು ದೀಪ.
ಅಕ್ಷರ ಅಕ್ಷರವಾಗಿ ಗೇಟು ಎಂದು ಒತ್ತುತ್ತಾಳೆ,
ಎರಡು ಚುಕ್ಕಿ,
ಮತ್ತೆ ಬೆರಳು ಎತ್ತಿ ಹಿಡಿದು
ತಾನು ಬರೆದದ್ದನ್ನು ಇನ್ನೊಮ್ಮೆ ಓದುತ್ತಾಳೆ.